ಏಪ್ರಿಲ್ ಬರುವ ಮೊದಲು: ಉತ್ತರ ಅಲಬಾಮಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ ಟೊರ್ನೇಡೊ ಮಾರ್ಗದರ್ಶಿ

ಹಂಟ್ಸ್‌ವಿಲ್, ಮ್ಯಾಡಿಸನ್ ಸುತ್ತಮುತ್ತ ಕೆಲಸಕ್ಕೋ ಓದಿಗೋ ಬಂದಿಳಿಯುವ ನಮ್ಮವರು ಟೊರ್ನೇಡೊ ಎಂಬ ಮಾತು ಕಿವಿಗೆ ಬಿದ್ದೊಡನೆ ಅದನ್ನು ಸುಂಟರಗಾಳಿ ಎಂದುಕೊಳ್ಳುತ್ತಾರೆ. ನಿಘಂಟಿನ ಲೆಕ್ಕದಲ್ಲಿ ಅದು ತಪ್ಪಲ್ಲ. ಆದರೆ ಬಯಲುಸೀಮೆಯಲ್ಲಿ ಬೆಳೆದವರಿಗೆ ಸುಂಟರಗಾಳಿ ಎಂದರೆ ಬೇಸಗೆಯ ಮಧ್ಯಾಹ್ನ ಕಣದಲ್ಲಿದ್ದ ಹೊಟ್ಟು, ತರಗೆಲೆ, ಧೂಳನ್ನೆಲ್ಲ ಎತ್ತಿಕೊಂಡು ಗಿರಗಿರನೆ ಸುತ್ತಿ, ಎರಡು ನಿಮಿಷದಲ್ಲಿ ಬೇಲಿಯಾಚೆ ಕರಗಿಹೋಗುವ ಗಾಳಿ. ಅದು ಕಾದ ನೆಲದಿಂದ ಏಳುವಂಥದ್ದು. ಮೇಲೆ ಆಕಾಶ ತಿಳಿಯಾಗಿಯೇ ಇರುತ್ತದೆ. ಇಲ್ಲಿ ನಾವು ಎದುರಿಸಬೇಕಾದದ್ದು ಹತ್ತು ಹದಿನೈದು ಕಿಲೋಮೀಟರ್ ಎತ್ತರದ ಮೋಡವೊಂದು ತಾನೇ ತಿರುಗುತ್ತಾ, ತನ್ನ ಬುಡದಿಂದ ನೆಲಕ್ಕೆ ಇಳಿಬಿಡುವ ಗಾಳಿಯ ಕಂಬವನ್ನು. ಎರಡಕ್ಕೂ ಒಂದೇ ಹೆಸರಿಟ್ಟುಕೊಂಡರೆ ಮನಸ್ಸು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಹಾಗಾಗಿ ಈ ಬರಹದಲ್ಲಿ ನಾನು ಟೊರ್ನೇಡೊ ಎಂದೇ ಬರೆಯುತ್ತೇನೆ.

ಇನ್ನೊಂದು ಅಭ್ಯಾಸವನ್ನೂ ಮೊದಲೇ ಹೇಳಬೇಕು. ಏಪ್ರಿಲ್ ಕೊನೆಯ ವಾರವೆಂದರೆ ನಮ್ಮ ಪಂಚಾಂಗದಲ್ಲಿ ಅಶ್ವಿನಿ ಮುಗಿದು ಭರಣಿ ಹುಟ್ಟುವ ಕಾಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಮಾತನ್ನು ಕೇಳಿ ಬೆಳೆದವರಿಗೆ ಆ ಹೊತ್ತಿನ ಕಪ್ಪು ಮೋಡ ಸಂತೋಷವನ್ನೇ ತರುತ್ತದೆ. ಗುಡುಗಿದರೆ ಬಾಗಿಲಿಗೆ ಬಂದು ನಿಲ್ಲುತ್ತೇವೆ, ಆಲಿಕಲ್ಲು ಬಿದ್ದರೆ ಅಂಗಳಕ್ಕಿಳಿದು ಆಯುತ್ತೇವೆ. ಇಲ್ಲಿ ಆ ಅಭ್ಯಾಸವನ್ನು ಬಿಡಬೇಕು. ಎಚ್ಚರಿಕೆ ಕೇಳಿದ ಕ್ಷಣಕ್ಕೂ ಎದ್ದು ಹೊರಡುವ ಕ್ಷಣಕ್ಕೂ ನಡುವೆ ಕಳೆದುಹೋಗುವ ನಿಮಿಷಗಳೇ ಇಲ್ಲಿ ಜೀವ ತೆಗೆಯುತ್ತವೆ ಎಂಬುದು ಇಷ್ಟು ವರ್ಷ ಇಲ್ಲಿದ್ದು, ಹವಾಮಾನದ ಹವ್ಯಾಸ ಹಚ್ಚಿಕೊಂಡು, ನಾನು ಕಲಿತ ಮುಖ್ಯ ಪಾಠ.

ನಾನು ಅದನ್ನು ಕಲಿತದ್ದು 2011ರ ಏಪ್ರಿಲ್ 27ರಂದು. ಊರಿಂದ ಬಂದು ಏಳು ತಿಂಗಳಾಗಿತ್ತು, ಮ್ಯಾಡಿಸನ್‌ನಲ್ಲಿ ಅಪಾರ್ಟ್‌ಮೆಂಟ್ ಒಂದರ ಮೇಲ್ಮಹಡಿಯಲ್ಲಿದ್ದೆವು. ಬೆಳಗಿನ ಜಾವ ಮೊದಲ ಅಲೆ ಬಂದು ಮರಗಳನ್ನೂ ವಿದ್ಯುತ್ ಕಂಬಗಳನ್ನೂ ಉರುಳಿಸಿ ಹೋಯಿತು, ನಡುಹಗಲಿಗೆ ಎರಡನೆಯದು. ಊರಿನ ಟೊರ್ನೇಡೊ ಎಚ್ಚರಿಕೆಯ ಸೈರನ್ ಮೊಳಗುವುದು, ನಿಲ್ಲುವುದು, ಮತ್ತೆ ಮೊಳಗುವುದು. ಮಧ್ಯಾಹ್ನ ಸ್ವಲ್ಪ ಬಿಸಿಲು ಕಂಡಾಗ ಎಲ್ಲ ಮುಗಿಯಿತೆಂದು ಅನ್ನಕ್ಕಿಟ್ಟೆವು. ಆ ಬಿಸಿಲೇ ಮೂರನೆಯ ಅಲೆಗೆ ಬೇಕಾದ ಶಕ್ತಿಯನ್ನು ತುಂಬುತ್ತಿತ್ತೆಂದು ನಮಗೆ ಯಾರೂ ಹೇಳಿರಲಿಲ್ಲ. ಮೂರು ಗಂಟೆಯ ಹೊತ್ತಿಗೆ ರಾಜ್ಯದ ಪಶ್ಚಿಮ ಅಂಚಿನಲ್ಲಿ ನೆಲ ಮುಟ್ಟಿದ ಟೊರ್ನೇಡೊ ಹ್ಯಾಕಲ್‌ಬರ್ಗ್, ಫಿಲ್ ಕ್ಯಾಂಪ್‌ಬೆಲ್ ಎಂಬ ಎರಡು ಪುಟ್ಟ ಊರುಗಳನ್ನು ಒರಸಿಹಾಕಿ, ನಮ್ಮ ಪಕ್ಕದ ಲೈಮ್‌ಸ್ಟೋನ್ ಕೌಂಟಿಯ ಟ್ಯಾನರ್ ಮೇಲೆ ಹಾದು, ನಮ್ಮದೇ ಮ್ಯಾಡಿಸನ್ ಕೌಂಟಿಯ ಹಾರ್ವೆಸ್ಟ್ ತನಕ ಬಂದು, ಕೊನೆಗೆ ಟೆನೆಸಿಯಲ್ಲಿ ಅಡಗಿತು. ಅದರ ಹಾದಿ ಸುಮಾರು 132 ಮೈಲಿ, ಅದು ತೆಗೆದುಕೊಂಡ ಜೀವಗಳು 72. ಅದೇ ಸಂಜೆ ಐದು ಗಂಟೆ ದಾಟಿದ ಮೇಲೆ ಟಸ್ಕಲೂಸಾ ನಗರದ ನಡುವೆಯೇ ಹಾದು ಬರ್ಮಿಂಗ್‌ಹ್ಯಾಮ್ ಕಡೆಗೆ ಹೋದ ಇನ್ನೊಂದು ಅರವತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದಿತು. ಆ ಒಂದೇ ದಿನ ಅಲಬಾಮಾದಲ್ಲಿ 62 ಟೊರ್ನೇಡೊಗಳು ನೆಲ ಮುಟ್ಟಿದವು. ಹೀಗೆ ಒಂದೇ ವಾಯು ವ್ಯವಸ್ಥೆಯಿಂದ ಸಾಲುಸಾಲಾಗಿ ಟೊರ್ನೇಡೊಗಳು ಹುಟ್ಟುವುದನ್ನು ಇಲ್ಲಿ ಔಟ್‌ಬ್ರೇಕ್ ಎನ್ನುತ್ತಾರೆ; 2011ರದ್ದನ್ನು, 1974ರ ಏಪ್ರಿಲ್ 3ರದ್ದರಂತೆ, ಸೂಪರ್ ಔಟ್‌ಬ್ರೇಕ್ ಎಂದೇ ಕರೆಯುತ್ತಾರೆ.

ಆ ದಿನ ಮುನ್ಸೂಚನೆಗೆ ಕೊರತೆಯಿರಲಿಲ್ಲ ಎಂಬುದನ್ನು ಹೊಸಬರು ತಿಳಿಯಬೇಕು. ದಿನಗಳ ಮೊದಲೇ ಹವಾಮಾನದ ಹವ್ಯಾಸಿಗಳೆಲ್ಲ ಆ ಬುಧವಾರದ ಮಾತನ್ನೇ ಆಡುತ್ತಿದ್ದರು: ಮೆಕ್ಸಿಕೋ ಕೊಲ್ಲಿಯಿಂದ ಬರುವ ಬೆಚ್ಚನೆಯ ತೇವದ ಗಾಳಿ ಕೆಳಗೆ, ತಣ್ಣನೆಯ ಒಣ ಗಾಳಿ ಮೇಲೆ, ಎತ್ತರ ಏರಿದಂತೆ ಗಾಳಿಯ ದಿಕ್ಕೂ ವೇಗವೂ ಬದಲಾಗುವ ಗುಣ, ಈ ಮೂರೂ ಒಂದೇ ಮಧ್ಯಾಹ್ನ ಒಂದೇ ಜಾಗದಲ್ಲಿ ಕೂಡುತ್ತವೆಂಬುದು ಅವರಿಗೆ ಕಾಣುತ್ತಿತ್ತು. ಮೇಲೇಳುವ ಗಾಳಿಗೆ ಈ ದಿಕ್ಕು ಬದಲಾವಣೆ ತಿರುಚು ಕೊಟ್ಟಾಗ ಇಡೀ ಮೋಡವೇ ಸುತ್ತತೊಡಗುತ್ತದೆ. ಅದನ್ನು ಸೂಪರ್‌ಸೆಲ್ ಎನ್ನುತ್ತಾರೆ. ಟೊರ್ನೇಡೊ ನೆಲ ಮುಟ್ಟುವ ಮೊದಲು ಸಿಕ್ಕ ಎಚ್ಚರಿಕೆಯ ಅವಧಿ ಆ ದಿನ ಸರಾಸರಿ 20 ನಿಮಿಷಕ್ಕೂ ಹೆಚ್ಚಿತ್ತು. ಆದರೂ ಅಲಬಾಮಾ ಒಂದರಲ್ಲೇ 230ಕ್ಕೂ ಹೆಚ್ಚು ಮಂದಿ ಸತ್ತರು. ಬೆಳಗಿನ ಅಲೆ ವಿದ್ಯುತ್ತನ್ನೂ ಕೆಲವೆಡೆ ಹವಾಮಾನದ ಎಚ್ಚರಿಕೆ ಬಿತ್ತರಿಸುವ ವೆದರ್ ರೇಡಿಯೊದ ಪ್ರಸಾರ ಗೋಪುರಗಳನ್ನೂ ಕೆಡಿಸಿದ್ದರಿಂದ ಎಷ್ಟೋ ಮನೆಗಳಿಗೆ ಮಧ್ಯಾಹ್ನದ ಎಚ್ಚರಿಕೆ ತಲುಪಲೇ ಇಲ್ಲ. ತಲುಪಿದ ಮನೆಗಳಲ್ಲೂ ಹಿಂದಿನ ಎಷ್ಟೋ ಸೈರನ್‌ಗಳು ಏನೂ ಆಗದೆ ನಿಂತದ್ದನ್ನು ಕಂಡವರು ಇದೂ ಹಾಗೆಯೇ ಎಂದುಕೊಂಡರು. ಬರ್ಮಿಂಗ್‌ಹ್ಯಾಮ್‌ನ ಟಿವಿ ಹವಾಮಾನ ತಜ್ಞ ಜೇಮ್ಸ್ ಸ್ಪ್ಯಾನ್ ಅವರು ಸೈರನ್ ಒಂದನ್ನೇ ನಂಬಿ ಕೂರುವ ಮನೋಭಾವವನ್ನು ಬಿಡಿ ಎಂದು ವರ್ಷಗಳಿಂದ ಒತ್ತಿ ಹೇಳುತ್ತಿರುವುದು ಇದೇ ಕಾರಣಕ್ಕೆ. ಸೈರನ್ ಇರುವುದು ಹೊರಗಿರುವವರಿಗಾಗಿ. ಮುಚ್ಚಿದ ಕಿಟಕಿ, ಓಡುತ್ತಿರುವ ಏಸಿ, ಮಳೆಯ ಸದ್ದು ಇವುಗಳ ನಡುವೆ ಮಲಗಿದವರನ್ನು ಅದು ಎಬ್ಬಿಸುತ್ತದೆಂದು ನಂಬಬೇಡಿ.

ಆದ್ದರಿಂದ ಮೊದಲ ಸಂಬಳದಲ್ಲೇ ಬ್ಯಾಟರಿಯಿಂದಲೂ ನಡೆಯುವ ವೆದರ್ ರೇಡಿಯೊ ಒಂದನ್ನು ಕೊಂಡು, ಅದಕ್ಕೆ ನಿಮ್ಮ ಕೌಂಟಿಯ ಸಂಕೇತವನ್ನು ತುಂಬಿ, ಮಲಗುವ ಕೋಣೆಯಲ್ಲಿಡಿ. ಫೋನಿಗೆ ಬರುವ ತುರ್ತು ಸಂದೇಶದ ವ್ಯವಸ್ಥೆ 2012ರಲ್ಲಿ ಶುರುವಾಯಿತು. ಕರ್ಕಶವಾಗಿದೆಯೆಂದು ಅದನ್ನು ಯಾರೂ ಆರಿಸಿಡಬಾರದು. ಕೌಂಟಿಯ ಹೆಸರು ಬಾಯಿಪಾಠವಾಗಿರಲಿ. ನಮ್ಮಲ್ಲಿ ಜಿಲ್ಲೆ, ತಾಲ್ಲೂಕು ಹೇಗೋ ಹಾಗೆ ಇಲ್ಲಿ ಕೌಂಟಿ, ಮತ್ತು ಟಿವಿಯಲ್ಲಿ ಎಲ್ಲವನ್ನೂ ಅದರ ಹೆಸರಿನಲ್ಲೇ ಹೇಳುತ್ತಾರೆ. ಮ್ಯಾಡಿಸನ್ ನಗರದ ಪಶ್ಚಿಮದ ಹೊಸ ಬಡಾವಣೆಗಳಲ್ಲಿ ಮನೆ ಹಿಡಿದವರು ಒಂದನ್ನು ಗಮನಿಸಬೇಕು: ವಿಳಾಸದಲ್ಲಿ ಮ್ಯಾಡಿಸನ್ ಎಂದಿದ್ದರೂ ಆ ನಗರದ ಒಂದು ಭಾಗ ಲೈಮ್‌ಸ್ಟೋನ್ ಕೌಂಟಿಗೆ ಸೇರುತ್ತದೆ.

ವಾಚ್ ಮತ್ತು ವಾರ್ನಿಂಗ್ ಎರಡನ್ನೂ ಕನ್ನಡದಲ್ಲಿ ಎಚ್ಚರಿಕೆ ಎಂದುಬಿಡುವುದರಿಂದ ನಮ್ಮವರು ತುಂಬ ಗೊಂದಲಪಡುತ್ತಾರೆ. ವಾಚ್ ಎಂದರೆ ಮುಂದಿನ ಕೆಲವು ಗಂಟೆಗಳಲ್ಲಿ, ಹತ್ತಾರು ಕೌಂಟಿಗಳ ವ್ಯಾಪ್ತಿಯಲ್ಲಿ, ಟೊರ್ನೇಡೊ ಹುಟ್ಟುವ ವಾತಾವರಣವಿದೆ ಎಂದರ್ಥ. ಆಗ ಶೂ ಹಾಕಿಕೊಂಡು, ಫೋನ್ ಚಾರ್ಜ್ ಮಾಡಿಕೊಂಡು, ಮಕ್ಕಳನ್ನು ಹತ್ತಿರದಲ್ಲಿಟ್ಟುಕೊಂಡು ಸಿದ್ಧರಿರಬೇಕು. ವಾರ್ನಿಂಗ್ ಎಂದರೆ ರೇಡಾರ್‌ನಲ್ಲಿ ಸುಳಿ ಕಂಡಿದೆ, ಇಲ್ಲವೇ ಯಾರೋ ಕಣ್ಣಾರೆ ಕಂಡಿದ್ದಾರೆ ಎಂದರ್ಥ. ಆಗ ಉಳಿಯುವುದು ಕೆಲವೇ ನಿಮಿಷ. 2007ರಿಂದ ವಾರ್ನಿಂಗನ್ನು ಇಡೀ ಕೌಂಟಿಗಲ್ಲ, ನಕ್ಷೆಯ ಮೇಲೆ ಗೆರೆ ಎಳೆದ ಬಹುಭುಜದೊಳಗಿನ ಜಾಗಕ್ಕೆ ಕೊಡುತ್ತಾರೆ. ನಕ್ಷೆಯಲ್ಲಿ ನಿಮ್ಮ ಮನೆ ಎಲ್ಲಿದೆಯೆಂದು ಥಟ್ಟನೆ ತೋರಿಸಲು ಬರದಿದ್ದರೆ ಅದನ್ನು ಇಂದೇ ಕಲಿಯಿರಿ. ಒಕ್ಲಹೋಮಾದ ನಾರ್ಮನ್‌ನಲ್ಲಿರುವ, ಬಿರುಗಾಳಿಗಳ ಮುನ್ಸೂಚನೆ ಕೊಡುವ ಸರ್ಕಾರಿ ಕೇಂದ್ರವಾದ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ ದಿನದ ಅಪಾಯವನ್ನು ಐದು ಮಟ್ಟಗಳಲ್ಲಿ ಹೇಳುತ್ತದೆ: ಮಾರ್ಜಿನಲ್, ಸ್ಲೈಟ್, ಎನ್‌ಹ್ಯಾನ್ಸ್ಡ್, ಮಾಡರೇಟ್, ಹೈ. ಮಾಡರೇಟ್ ಎಂದರೆ ಮಧ್ಯಮ ಎಂದು ಓದಿ ಸಮಾಧಾನಪಟ್ಟುಕೊಳ್ಳುವುದು ದೊಡ್ಡ ತಪ್ಪು. ಅದು ಐದರಲ್ಲಿ ನಾಲ್ಕನೆಯದು. ಅಂಥ ದಿನ ಸಂಜೆಯ ಭೇಟಿ, ಭಜನೆ, ಹುಟ್ಟುಹಬ್ಬ ಯಾವುದಿದ್ದರೂ ಮುಂದಕ್ಕೆ ಹಾಕಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಸಿನಿಮಾಗಳಲ್ಲಿ ಕಾಣುವಂತೆ ದೂರದಿಂದ ಬರುವುದನ್ನು ನೋಡಿ ಓಡೋಣ ಎಂಬ ಲೆಕ್ಕ ಒಕ್ಲಹೋಮಾದ ಬಯಲಿನಲ್ಲೇ ಅಪಾಯದ್ದು, ಇಲ್ಲಂತೂ ನಡೆಯುವುದೇ ಇಲ್ಲ. ಇಲ್ಲಿ ಗುಡ್ಡ, ದಟ್ಟ ಮರ; ಎಷ್ಟೋ ಟೊರ್ನೇಡೊಗಳು ಮಳೆಯ ಪರದೆಯೊಳಗೆ ಅಡಗಿ, ಗಂಟೆಗೆ 50-60 ಮೈಲಿ ವೇಗದಲ್ಲಿ, ಹಲವು ಸಲ ರಾತ್ರಿಯ ಹೊತ್ತು ಬರುತ್ತವೆ. ಕಾರಿನಲ್ಲಿ ತಪ್ಪಿಸಿಕೊಳ್ಳಬಹುದೆಂಬ ಯೋಚನೆಯೂ ಬೇಡ. 1989ರ ನವೆಂಬರ್ 15ರ ಸಂಜೆ ಹಂಟ್ಸ್‌ವಿಲ್‌ನ ಏರ್‌ಪೋರ್ಟ್ ರಸ್ತೆಯ ಮೇಲೆ ಟೊರ್ನೇಡೊ ಹಾದಾಗ 21 ಮಂದಿ ಸತ್ತರು; ಅವರಲ್ಲಿ ಅನೇಕರು ಕೆಲಸ ಮುಗಿಸಿ ಮನೆಗೆ ಹೊರಟು ಕಾರುಗಳಲ್ಲಿ ಸಿಲುಕಿಕೊಂಡವರು. ತಿಂಗಳನ್ನೂ ಗಮನಿಸಿ: ಇಲ್ಲಿ ವಸಂತದ ಜೊತೆಗೆ ನವೆಂಬರ್-ಡಿಸೆಂಬರ್‌ನ ಎರಡನೆಯ ಋತುವೂ ಇದೆ. ಮೇಲ್ಸೇತುವೆಯ ಕೆಳಗೆ ಅಡಗುವುದೂ ಅಪಾಯವೇ. ಆ ಇಕ್ಕಟ್ಟಿನಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, 1999ರ ಮೇ 3ರಂದು ಒಕ್ಲಹೋಮಾದಲ್ಲಿ ಹಾಗೆ ಅಡಗಿದವರು ಸತ್ತಿದ್ದಾರೆ.

ಹಾಗಾದರೆ ಎಲ್ಲಿಗೆ ಹೋಗಬೇಕು? ಇಲ್ಲಿನ ಹೆಚ್ಚಿನ ಮನೆಗಳಿಗೆ ನೆಲಮಾಳಿಗೆಯಿಲ್ಲ. ಅತಿ ಕೆಳಗಿನ ಮಹಡಿ, ಮನೆಯ ನಡುಭಾಗ, ಕಿಟಕಿಯಿಲ್ಲದ ಸಣ್ಣ ಕೋಣೆ, ಹೊರಗಿನ ಗಾಳಿಗೂ ನಿಮಗೂ ನಡುವೆ ಆದಷ್ಟು ಹೆಚ್ಚು ಗೋಡೆ: ನೆನಪಿಡಬೇಕಾದ್ದು ಇಷ್ಟು. ಮೇಲ್ಮಹಡಿಯ ಅಪಾರ್ಟ್‌ಮೆಂಟ್‌ನಲ್ಲಿರುವವರು ಕೆಳಮನೆಯವರ ಬಾಗಿಲನ್ನು ಬಿಸಿಲಿರುವ ದಿನವೇ ತಟ್ಟಿ ಪರಿಚಯ ಮಾಡಿಕೊಳ್ಳಬೇಕು. ನನ್ನ ಹೆಂಡತಿ ಬಂದ ಹೊಸದರಲ್ಲಿ ಒಂದು ಡಬ್ಬಿ ಚಕ್ಕುಲಿ ಹಿಡಿದು ಕೆಳಗಿನ ವೃದ್ಧ ದಂಪತಿಗಳ ಮನೆಗೆ ಹೋಗಿ ಬಂದಿದ್ದಳು. ಏಪ್ರಿಲ್ 27ರಂದು ನಾವು ಹೊರಡುವ ಮುನ್ನವೇ ಆ ಅಜ್ಜ ಮೆಟ್ಟಿಲ ಕೆಳಗೆ ನಿಂತು ನಮ್ಮನ್ನು ಕೂಗುತ್ತಿದ್ದರು. ಅವರ ಬಚ್ಚಲುಮನೆಯ ಟಬ್ಬಿನಲ್ಲಿ ಮಗಳನ್ನು ಕೂರಿಸಿ, ಮೇಲೆ ಹಾಸಿಗೆ ಹೊದಿಸಿ, ಅವಳ ಸೈಕಲ್ ಹೆಲ್ಮೆಟ್ಟನ್ನು ತೊಡಿಸಿ, ನಾವು ನಾಲ್ವರು ನೆಲದ ಮೇಲೆ ಮುದುರಿ ಕುಳಿತೆವು. ಹೆಲ್ಮೆಟ್ಟಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟೊರ್ನೇಡೊದಲ್ಲಿ ಹಾರಿಬರುವ ವಸ್ತುಗಳಿಂದ ತಲೆಗೆ ಬೀಳುವ ಪೆಟ್ಟೇ ಬಹಳ ಸಾವಿಗೆ ಕಾರಣ. ಕಾರ್ಖಾನೆಯಲ್ಲಿ ಕಟ್ಟಿ ತಂದು ನಿಲ್ಲಿಸುವ ಹಗುರ ಮನೆಗಳಾದ ಮೊಬೈಲ್ ಹೋಮ್‌ಗಳಲ್ಲಿ ಇರುವವರಿಗೆ ಮಾತ್ರ ಈ ಯಾವ ಕೋಣೆಯೂ ಸಾಲದು. ಅವರು ವಾಚ್ ಬಂದಾಗಲೇ ಹತ್ತಿರದ ಸಾರ್ವಜನಿಕ ಶೆಲ್ಟರ್‌ಗೆ ಹೊರಡಬೇಕು, ಹಾಗಾಗಿ ಅದು ಎಲ್ಲಿದೆ, ಎಷ್ಟು ನಿಮಿಷದ ದಾರಿ ಎಂದು ಒಮ್ಮೆ ಹೋಗಿ ನೋಡಿಕೊಂಡಿರಬೇಕು.

ಊರಿಂದ ಬರುವ ತಂದೆ ತಾಯಂದಿರ ವಿಚಾರ ನನಗೆ ಹೆಚ್ಚು ಆತಂಕದ್ದು. ಅವರು ಬರುವುದು ಹೆಚ್ಚಾಗಿ ಮಾರ್ಚ್-ಏಪ್ರಿಲ್‌ನಲ್ಲೇ, ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುತ್ತಾರೆ, ಅವರ ಕೈಯಲ್ಲಿರುವ ಫೋನಿಗೆ ಇಲ್ಲಿನ ಸಿಮ್ ಇರುವುದಿಲ್ಲ. ಪರಿಚಿತರೊಬ್ಬರ ತಾಯಿ ದಾವಣಗೆರೆಯವರು. ಬಂದ ಎರಡನೆಯ ವಾರ ಸೈರನ್ ಕೇಳಿದಾಗ ಅವರಿಗೆ ನೆನಪಾದದ್ದು ಹಿಂದೆ ಊರಿನ ಹತ್ತಿ ಗಿರಣಿಯಲ್ಲಿ ಪಾಳಿ ಬದಲಾಗುವಾಗ ಕೂಗುತ್ತಿದ್ದ ಸೈರನ್. ಇಲ್ಲೂ ಹತ್ತಿರ ಯಾವುದೋ ಕಾರ್ಖಾನೆ ಇದೆಯೆಂದುಕೊಂಡು, ಒಣಹಾಕಿದ್ದ ಹಪ್ಪಳ ತೆಗೆಯಲು ಹಿತ್ತಲಿಗೆ ಹೋಗಿದ್ದರು. ಅಂದು ಏನೂ ಆಗಲಿಲ್ಲ. ತಂದೆ ತಾಯಿ ಬಂದ ಮರುದಿನವೇ ಅವರಿಗೆ ಸೈರನ್ನಿನ ಧ್ವನಿಮುದ್ರಣ ಕೇಳಿಸಿ, ಯಾವ ಕೋಣೆಗೆ ಹೋಗಬೇಕೆಂದು ಕೈಹಿಡಿದು ಕರೆದೊಯ್ದು ತೋರಿಸಿ, ಇಲ್ಲಿನ ಸಿಮ್ ಇರುವ ಫೋನೊಂದನ್ನು ಕೊಟ್ಟಿರಿ.

ಇನ್ನು ನಂತರದ ದಿನಗಳು. ನಮ್ಮ ಮನೆ ಉಳಿಯಿತು, ಆದರೆ ಇಲ್ಲಿಗೆ ವಿದ್ಯುತ್ ಒದಗಿಸುವ ಟೆನೆಸಿ ವ್ಯಾಲಿ ಅಥಾರಿಟಿಯ ದೊಡ್ಡ ತಂತಿ ಮಾರ್ಗಗಳೇ ಹರಿದುಬಿದ್ದು, ಬ್ರೌನ್ಸ್ ಫೆರ್ರಿ ಅಣುಸ್ಥಾವರದ ಮೂರೂ ರಿಯಾಕ್ಟರ್‌ಗಳು ನಿಂತು, ಇಡೀ ಪ್ರದೇಶ ದಿನಗಟ್ಟಲೆ ಕತ್ತಲಲ್ಲಿ ಉಳಿಯಿತು. ವಿದ್ಯುತ್ತಿಲ್ಲದೆ ಪೆಟ್ರೋಲ್ ಬಂಕ್ ನಡೆಯಲಿಲ್ಲ, ಕಾರ್ಡ್ ನಡೆಯಲಿಲ್ಲ, ಎಟಿಎಂ ನಡೆಯಲಿಲ್ಲ. ಮನೆಯಲ್ಲಿ ಒಂದಷ್ಟು ನಗದು, ಒಂದು ವಾರದ ನೀರು ಮತ್ತು ಔಷಧ, ಅವಲಕ್ಕಿಯಂಥ ಬೇಯಿಸಬೇಕಿಲ್ಲದ ಆಹಾರ ಇಟ್ಟಿರಿ, ಕಾರಿನ ಟ್ಯಾಂಕನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಜನರೇಟರ್, ಇದ್ದಿಲ ಒಲೆ ಎರಡನ್ನೂ ಮನೆಯೊಳಗಾಗಲಿ ಗ್ಯಾರೇಜಿನಲ್ಲಾಗಲಿ ಹಚ್ಚಲೇಬಾರದು. ಅವುಗಳ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ವೀಸಾದ ಮೇಲಿರುವವರು ಎರಡು ಸಂಗತಿ ತಿಳಿದಿರಬೇಕು. ಪಾಸ್‌ಪೋರ್ಟ್, ಐ-797, ಐ-20, ಬಾಡಿಗೆ ಒಪ್ಪಂದ, ಮಕ್ಕಳ ಜನನ ಪತ್ರ ಇವನ್ನು ನೀರು ತಾಗದ ಒಂದು ಚೀಲದಲ್ಲಿ ಆಶ್ರಯದ ಕೋಣೆಯಲ್ಲೇ ಇಟ್ಟು, ಪ್ರತಿಗಳನ್ನು ಊರಲ್ಲಿ ಒಬ್ಬರ ಬಳಿಯೂ ಇರಿಸಿ. ಎರಡನೆಯದು, ಕೇಂದ್ರ ಸರ್ಕಾರದ ವಿಪತ್ತು ನೆರವು ಸಂಸ್ಥೆಯಾದ ಫೆಮಾ ಕೊಡುವ ನಗದು ನೆರವು ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವಂಥವರಿಗೆ ಮಾತ್ರ; ಎಚ್-1ಬಿ, ಎಫ್-1 ವೀಸಾದವರಿಗೆ ಅದು ಸಿಗದು. ಮನೆಯಲ್ಲಿ ಇಲ್ಲೇ ಹುಟ್ಟಿದ ಮಗುವಿದ್ದರೆ ಆ ಮಗುವಿನ ಪರವಾಗಿ ಅರ್ಜಿ ಹಾಕಬಹುದು. ಆಶ್ರಯ, ಊಟ, ನೀರಿನಂಥ ತುರ್ತು ನೆರವಿಗೆ ಯಾರೂ ನಿಮ್ಮ ವೀಸಾ ಕೇಳುವುದಿಲ್ಲ, ಸಂಕೋಚ ಬೇಡ. ಈ ಕಾರಣಕ್ಕೇ ಬಾಡಿಗೆಮನೆಯವರ ವಿಮೆಯನ್ನು ತಪ್ಪದೆ ಮಾಡಿಸಿ. ಕಟ್ಟಡದ ಮಾಲೀಕರ ವಿಮೆ ನಿಮ್ಮ ಸಾಮಾನಿಗೆ ಒಂದು ಡಾಲರನ್ನೂ ಕೊಡುವುದಿಲ್ಲ.

ಹವಾಮಾನದಲ್ಲಿ ಆಸಕ್ತಿ ಹುಟ್ಟಿದವರು ನ್ಯಾಷನಲ್ ವೆದರ್ ಸರ್ವೀಸ್ ಉಚಿತವಾಗಿ ನಡೆಸುವ ಸ್ಕೈವಾರ್ನ್ ತರಬೇತಿಗೆ ಹೋಗಿ. ಮೋಡದ ಬುಡದಲ್ಲಿ ಗೋಡೆಯಂತೆ ಇಳಿದ ಯಾವ ಭಾಗ ತಿರುಗುತ್ತಿದೆ, ಯಾವುದು ಬರಿಯ ಚದುರಿದ ಮೋಡ ಎಂದು ಅಲ್ಲಿ ಕಲಿಸುತ್ತಾರೆ. ಆದರೆ ಬೆನ್ನಟ್ಟಿ ಹೋಗಬೇಡಿ, ಹಾನಿಯಾದ ಊರಿಗೆ ನೋಡಲೆಂದೂ ಹೋಗಬೇಡಿ. ಟೊರ್ನೇಡೊದ ಬಲವನ್ನು 0ಯಿಂದ 5ರ ತನಕ ಹೇಳುವ ಇಎಫ್ ಮಾಪಕದ ಅಂಕಿ, ಜಪಾನ್‌ನಲ್ಲಿ ಹುಟ್ಟಿ ಷಿಕಾಗೋದಲ್ಲಿ ಕೆಲಸ ಮಾಡಿದ ಟೆಡ್ ಫುಜಿಟಾ ಅವರ ಮೂಲ ಮಾಪಕದಂತೆಯೇ, ಬಿದ್ದ ಮನೆಗಳನ್ನು ನೋಡಿ ನಿರ್ಧರಿಸುವಂಥದ್ದು. ಇಎಫ್-5 ಎಂದು ಚರ್ಚಿಸುವಾಗ ನಾವು ಮಾತಾಡುತ್ತಿರುವುದು ಯಾರದೋ ಬರಿದಾದ ಅಡಿಪಾಯದ ಬಗ್ಗೆ.

ಆ ಸಂಜೆ ಗಾಳಿ ನಿಂತ ಮೇಲೆ ನಮ್ಮ ಕಟ್ಟಡದ ಹಿಂದಿನ ಹುಲ್ಲಿನ ಮೇಲೆ ಗುಲಾಬಿ ಬಣ್ಣದ ಹತ್ತಿಯಂಥ ಚೂರುಗಳು ಆಕಾಶದಿಂದ ಉದುರುತ್ತಿದ್ದವು. ಅವು ಚಳಿ, ಸೆಖೆ ತಡೆಯಲು ಯಾರದೋ ಮನೆಯ ಗೋಡೆಯೊಳಗೆ ತುಂಬಿದ್ದ ಹೊದಿಕೆ ಎಂದು ಕೆಳಮನೆಯ ಅಜ್ಜ ಹೇಳಿದರು. ಅವುಗಳ ನಡುವೆ ಒಂದು ಒದ್ದೆ ಫೋಟೊ ಬಿದ್ದಿತ್ತು: ಕೇಕಿನ ಮುಂದೆ ಕುಳಿತ ಹುಡುಗ, ಹಿಂದೆ ಅರ್ಧ ಮಾತ್ರ ಕಾಣುವ ಒಬ್ಬ ಹೆಂಗಸು. ವಾರದ ಮೇಲೆ ವಿದ್ಯುತ್ ಬಂದಾಗ, ಇಂಥ ಫೋಟೊಗಳನ್ನು ಹಿಂದಿರುಗಿಸಲೆಂದೇ ಪಕ್ಕದ ಕೌಂಟಿಯ ಮಹಿಳೆಯೊಬ್ಬರು ಫೇಸ್‌ಬುಕ್‌ನಲ್ಲಿ ತೆರೆದಿದ್ದ ಪುಟಕ್ಕೆ ಅದನ್ನು ಹಾಕಿದೆವು. ಮೂರು ದಿನಗಳ ನಂತರ ಹ್ಯಾಕಲ್‌ಬರ್ಗ್‌ನಿಂದ ಉತ್ತರ ಬಂತು. ಅದು ನಮ್ಮ ಮನೆಯಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹುಡುಗನ ಚಿಕ್ಕಮ್ಮ ಬರೆದಿದ್ದರು: ಹುಡುಗ ಕ್ಷೇಮ, ಫೋಟೊವನ್ನು ಅಂಚೆಯಲ್ಲಿ ಕಳಿಸಬೇಡಿ, ಅಲ್ಲಿ ಈಗ ಅಂಚೆ ತರುವ ವಿಳಾಸವಿಲ್ಲ, ತಾವೇ ಬಂದು ತೆಗೆದುಕೊಂಡು ಹೋಗುತ್ತೇವೆ.