ಎಷ್ಟು ಸೇದಿದಿರಿ ಅಂತ ಬೇಡ, ಹೇಗೆ ಸೇದಿದಿರಿ ಅಂತ ಬರೆದಿಡಿ

ನನ್ನದು ಪುತ್ತೂರಿನಲ್ಲಿ ಒಂದು ಸಣ್ಣ ಸಲೂನು. ಶೇವಿಂಗಿಗೆ ಕೂತವರ ಮೀಸೆ ನೋಡಿದರೆ ಅವರು ಯಾವ ಥರ ಸೇದುತ್ತಾರೆ ಅಂತ ಅರ್ಧ ಗೊತ್ತಾಗುತ್ತದೆ. ಬಿಳಿ ಮೀಸೆಯ ನಡುವೆ ಚಹಾದ ಕಲೆಯ ಹಾಗೆ ಕಂದು ಬಣ್ಣ ಇದ್ದರೆ, ಅವರು ಮೋಟು ಬೀಡಿಯನ್ನೂ ಬಿಡದವರು. "ದಿನಕ್ಕೆ ನಾಲ್ಕೇ ಮಾರಾಯ್ರೆ" ಅನ್ನುತ್ತಾರೆ. ಸುಳ್ಳಲ್ಲ, ನಾಲ್ಕೇ ಇರಬಹುದು. ಆ ನಾಲ್ಕರಲ್ಲಿ ಒಳಗೆ ಹೋದದ್ದೆಷ್ಟು ಅನ್ನುವುದು ಬೇರೆ ಲೆಕ್ಕ.

ಈ ಲೆಕ್ಕ ನನಗೆ ತಡವಾಗಿ ತಿಳಿಯಿತು. ಅಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟಿ ಬ್ರಾಂಚಿಗೆ ಕೊಡುತ್ತಿದ್ದಳು. ಅವಳ ಗೆರಸೆಯಿಂದ ಎರಡು ಎಗರಿಸಿ ಶುರು ಮಾಡಿದವನು ನಾನು. ಆಮೇಲೆ ಸಿಗರೇಟು, ದಿನಕ್ಕೆ 20. ಕೆಮ್ಮು ಜಾಸ್ತಿ ಆಯಿತು ಅಂತ 8ಕ್ಕೆ ಇಳಿಸಿದೆ. ಒಂದು ಆರೋಗ್ಯ ಶಿಬಿರದಲ್ಲಿ ಉಸಿರಿನ ಕಾರ್ಬನ್ ಮೊನಾಕ್ಸೈಡ್, ಅಂದರೆ ಹೊಗೆಯ ವಿಷಗಾಳಿ, ಅಳೆಯುವ ಯಂತ್ರಕ್ಕೆ ಊದಿಸಿದರು. 20 ಸೇದುವಾಗ 24 ತೋರಿಸಿದ್ದ ಯಂತ್ರ, 8 ಸೇದುವಾಗ 21 ತೋರಿಸಿತು!

ಒಂದು ವಾರ ಜೇಬಿನಲ್ಲಿ ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಸುಮ್ನೆ ಬರೆಯಿರಿ, ಸದ್ಯ ಏನೂ ಬದಲಾಯಿಸಬೇಡಿ.

ಮೊದಲು, ಎದ್ದ ಎಷ್ಟು ನಿಮಿಷಕ್ಕೆ ಹಚ್ಚಿದಿರಿ? ರಕ್ತದಲ್ಲಿರುವ ನಿಕೋಟಿನ್ ಸುಮಾರು 2 ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಬೆಳಗಾಗುವಾಗ ಟ್ಯಾಂಕು ಖಾಲಿ. ಅದಕ್ಕೇ ಆ ಮೊದಲನೆಯದನ್ನು ಹಸಿದವರ ಹಾಗೆ ಎಳೆಯುತ್ತೇವೆ. ಎದ್ದು ಅರ್ಧ ಗಂಟೆಯೊಳಗೆ ಹಚ್ಚುವವರ ಮೈಯಲ್ಲಿ, ಅಷ್ಟೇ ಸಂಖ್ಯೆ ಸೇದುವ ಬೇರೆಯವರಿಗಿಂತ ನಿಕೋಟಿನ್ನೂ ತಂಬಾಕಿನ ಕ್ಯಾನ್ಸರ್‌ಕಾರಕಗಳೂ ಜಾಸ್ತಿ ಸಿಗುತ್ತವೆ.

ಎರಡನೆಯದು ದಮ್ಮಿನ ಲೆಕ್ಕ. ಸಿಗರೇಟಿನ ಟಾರ್, ಅಂದರೆ ಹೊಗೆಯ ಅಂಟು, ಅಳೆಯುವ ಹಳೆಯ ಪದ್ಧತಿಯಲ್ಲಿ ಯಂತ್ರ ನಿಮಿಷಕ್ಕೊಂದು ದಮ್ಮು ಎಳೆಯುತ್ತದೆ. ಒಂದು ದಮ್ಮು 35 ಮಿಲಿಲೀಟರ್, 2 ಸೆಕೆಂಡು. ಹಾಗೆ ಸೇದುವ ಮನುಷ್ಯನನ್ನು ನಾನಂತೂ ನೋಡಿಲ್ಲ. 20 ಇದ್ದಾಗ ನಾನು ಒಂದಕ್ಕೆ ಒಂಬತ್ತು ದಮ್ಮು ಎಳೆಯುತ್ತಿದ್ದೆ. 8ಕ್ಕೆ ಬಂದಾಗ ಹದಿನಾಲ್ಕು, ಅದೂ ಎದೆ ತುಂಬ.

ಮೂರನೆಯದು ಬೆರಳು. ಇದನ್ನು ಒಮ್ಮೆ ಕಣ್ಣಾರೆ ನೋಡಿ. ಫಿಲ್ಟರಿನ ಹೊರಗಿನ ಕಾಗದವನ್ನು ನಿಧಾನ ಬಿಡಿಸಿ ಬಲ್ಬಿಗೆ ಹಿಡಿಯಿರಿ. ಎಲ್ಲ ಬ್ರಾಂಡಿನಲ್ಲಿ ಇರುವುದಿಲ್ಲ, ಆದರೆ 'ಲೈಟ್' ಅಂತ ಹೆಸರಾದವುಗಳಲ್ಲಿ ಸೂಜಿ ಚುಚ್ಚಿದ ಹಾಗೆ ಸಣ್ಣ ತೂತುಗಳ ಸಾಲು ಕಾಣುತ್ತದೆ. ಅಲ್ಲಿಂದ ಗಾಳಿ ಸೇರಿ ಹೊಗೆ ತೆಳುವಾಗುತ್ತದೆ. ಯಂತ್ರಕ್ಕೆ ಬೆರಳಿಲ್ಲ, ತೂತು ತೆರೆದೇ ಇರುತ್ತದೆ. ನಾನು ಗಾಳಿಗೆ ಕೆಡಬಾರದು ಅಂತ ಮುಷ್ಟಿಯೊಳಗೆ ಹಿಡಿಯುವವನು. ನನ್ನ ಬೆರಳಿನ ಹಳದಿ ಕಲೆಗೆ ಆ ಸಾಲನ್ನು ಹೊಂದಿಸಿ ನೋಡಿದೆ. ಸರಿಯಾಗಿ ಅದರ ಮೇಲೆಯೇ ಕೂತಿತು. ಇಷ್ಟು ವರ್ಷ 'ಲೈಟ್' ಅಂತ ಕಾಸು ಕೊಟ್ಟು, ಸ್ಟ್ರಾಂಗ್ ಸೇದಿದ್ದೆ.

ಬೀಡಿಯವರು ಇಷ್ಟಕ್ಕೆ ನಗಬೇಡಿ. ಬೀಡಿಯಲ್ಲಿ ತಂಬಾಕು ಸಿಗರೇಟಿನ ಕಾಲು ಭಾಗದಷ್ಟೇ, ನಿಜ. ಆದರೆ ಅದರ ಎಲೆಯೊಳಗೆ ಗಾಳಿ ಆಡುವುದಿಲ್ಲ. ಬಿಟ್ಟರೆ ನಂದುತ್ತದೆ, ಹಾಗಾಗಿ ಎಳೆಯುತ್ತಲೇ ಇರಬೇಕು. ಟಾರ್, ನಿಕೋಟಿನ್, ಕಾರ್ಬನ್ ಮೊನಾಕ್ಸೈಡ್ ಮೂರೂ ಸಿಗರೇಟಿಗಿಂತ ಜಾಸ್ತಿಯೇ ಒಳಗೆ ಹೋಗುತ್ತವೆ.

ಕೊನೆಗೆ ಮೋಟಿನ ಉದ್ದವನ್ನೂ ಬರೆಯಿರಿ. ಮೊದಲ ದಮ್ಮುಗಳ ಟಾರ್ ಬಾಯಿಯ ಕಡೆಯ ತಂಬಾಕಿನಲ್ಲಿ ಕೂತಿರುತ್ತದೆ. ಬೆರಳು ಸುಡುವ ತನಕ ಎಳೆದರೆ ಅದೂ ಸೇರಿ ಬರುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲೋ ಕಾರಿನಲ್ಲೋ ಸೇದಿದ್ದರೆ ಅದನ್ನೂ ಗುರುತು ಹಾಕಿ. ಅಲ್ಲಿ ಹೆಂಡತಿ ಮಕ್ಕಳ ಪಾಲೂ ಇದೆ ಅಲ್ವಾ.

ಈಗ ಒಂದು ಆಸೆ ಹುಟ್ಟುತ್ತದೆ. ತೂತು ಬಿಟ್ಟು ಹಿಡಿಯೋಣ, ಉದ್ದ ಮೋಟು ಎಸೆಯೋಣ ಅಂತ. ನಾನೂ ಮಾಡಿದೆ. ಸಂಜೆಯೊಳಗೆ ಮೈ ತನ್ನ ಬಾಕಿ ವಸೂಲಿ ಮಾಡುತ್ತಿತ್ತು, ಇನ್ನಷ್ಟು ಆಳಕ್ಕೆ ಎಳೆದು. ದಿನಕ್ಕೆ ಒಂದೇ ಸೇದಿದರೂ, 20 ಸೇದುವವರಿಗೆ ಇರುವ ಹೆಚ್ಚುವರಿ ಹೃದಯದ ಅಪಾಯದಲ್ಲಿ ಸುಮಾರು ಅರ್ಧ ಉಳಿದೇ ಇರುತ್ತದೆ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲೆಕ್ಕ ಇದು.

ಹಾಗಾದರೆ ಪುಸ್ತಕ ಯಾಕೆ? ಬಿಡಲಿಕ್ಕೆ. 1800-11-2356ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಡಾಕ್ಟರ ಹತ್ತಿರ ಹೋಗುವಾಗ ಆ ಮೊದಲ ಸಾಲು ತೋರಿಸಿ. ಎದ್ದು ಅರ್ಧ ಗಂಟೆಯೊಳಗೆ ಹಚ್ಚುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ನಿಕೋಟಿನ್ ಗಮ್, ಆಮೇಲೆ ಹಚ್ಚುವವರಿಗೆ 2. ಅದನ್ನು ಬಬಲ್‌ಗಮ್ಮಿನ ಹಾಗೆ ಜಗಿಯಬೇಡಿ, ನಾನು ಹಾಗೆ ಮಾಡಿ ಬಿಕ್ಕಳಿಕೆ ಬರಿಸಿಕೊಂಡೆ. ನಾಲ್ಕು ಸಲ ಜಗಿಯಿರಿ, ಚುರುಕು ಅನ್ನಿಸಿದ ಕೂಡಲೇ ಕೆನ್ನೆಯ ಬದಿಗೆ ಒತ್ತಿಡಿ, ಚುರುಕು ಇಳಿದರೆ ಮತ್ತೆ ಜಗಿಯಿರಿ. ಅದಕ್ಕೆ 15 ನಿಮಿಷ ಮುಂಚೆ ಕಾಫಿ ಚಹಾ ಬೇಡ, ಗಮ್ ಹಿಡಿಯುವುದಿಲ್ಲ.

ಬಿಟ್ಟ ಮೂರನೇ ದಿನ ಮತ್ತೆ ಅದೇ ಯಂತ್ರಕ್ಕೆ ಊದಿದೆ. 3 ಬಂತು. ಯಂತ್ರ ಕೆಟ್ಟಿದೆಯಾ ಅಂತ ನರ್ಸಮ್ಮನನ್ನು ಕೇಳಿದೆ. "ಇನ್ನೊಮ್ಮೆ ಊದಿ" ಅಂದರು. ಮತ್ತೆ 3.