ದೀಪಾವಳಿಗೆ ಬಿತ್ತಿದರೆ ಶಿವರಾತ್ರಿಗೆ ಹಣ್ಣು: ತಾರಸಿಯಲ್ಲಿ ಹೈಬ್ರಿಡ್ ಟೊಮೆಟೊ

ಮೊದಲು ಒಂದು ಲೆಕ್ಕ ಸರಿ ಮಾಡಿಕೊಳ್ಳೋಣ. ಬೇಗ ಬರುವ ಹೈಬ್ರಿಡ್ ಟೊಮೆಟೊ ಪ್ಯಾಕೆಟ್ ಮೇಲೆ 60-65 ದಿನ ಅಂತ ಬರೆದಿರುತ್ತಾರಲ್ಲ, ಅದು ಸಾಮಾನ್ಯವಾಗಿ ಬೀಜ ಹಾಕಿದ ದಿನದಿಂದ ಅಲ್ಲ, ಸಸಿ ನೆಟ್ಟ ದಿನದಿಂದ. ಸಸಿ ಬೆಳೆಸುವುದಕ್ಕೆ ಇನ್ನೊಂದು 25 ದಿನ ಸೇರಿಸಿ. ಅಂದರೆ ಮೂರು ತಿಂಗಳು. ಇದು ಗೊತ್ತಿಲ್ಲದೆ ಎರಡನೇ ತಿಂಗಳಿಗೇ ಬೇಜಾರಾಗಿ ಗಿಡ ಕಿತ್ತು ಹಾಕಿದವರನ್ನು ನೋಡಿದ್ದೇನೆ.

ಬೆಂಗಳೂರು, ಮೈಸೂರು, ತುಮಕೂರು ಕಡೆಯವರಿಗೆ ನನ್ನ ಸಲಹೆ ಇಷ್ಟೇ: ದೀಪಾವಳಿ ಆಸುಪಾಸಿನಲ್ಲಿ ಬೀಜ ಹಾಕಿ. ಚಳಿಗಾಲದ ತಂಪಿನಲ್ಲಿ ಹೂವು ಉದುರದೆ ನಿಲ್ಲುತ್ತದೆ, ಶಿವರಾತ್ರಿ ಹೊತ್ತಿಗೆ ಹಣ್ಣು ಕೈಗೆ ಬಂದಿರುತ್ತದೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದೆ ಹೋದರೆ ಟೊಮೆಟೊ ಹೂವು ಒಣಗಿ ಉದುರಿಬಿಡುತ್ತದೆ, ನೀವು ಏನೇ ಗೊಬ್ಬರ ಹಾಕಿ. ಬೇಗ ಬರುವ ತಳಿ ಬೇಕು ಅನ್ನುವುದೇ ಈ ಕಾರಣಕ್ಕೆ. ಬಿಸಿಲು ಏರುವ ಮೊದಲು ಅದು ತನ್ನ ಕೆಲಸ ಮುಗಿಸಿಕೊಳ್ಳುತ್ತದೆ.

ನಾನು ಹಾಕುವುದು ಅರ್ಕಾ ರಕ್ಷಕ್. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಎಫ್1 ಹೈಬ್ರಿಡ್ ಇದು, ಅಂದರೆ ಬೇರೆ ಬೇರೆ ತಳಿ ಕೂಡಿಸಿ ಪಡೆದ ಮೊದಲ ಪೀಳಿಗೆ. ಎಲ್ಲಕ್ಕಿಂತ ಬೇಗ ಬರುವ ತಳಿ ಇದೇ ಅಂತ ನಾನು ಹೇಳುವುದಿಲ್ಲ. ಆದರೆ ಎಲೆ ಮುದುಡು ರೋಗ, ದುಂಡಾಣು ಸೊರಗು ರೋಗ, ಎಲೆಗೆ ಕಂದು ಚುಕ್ಕೆ ಬೀಳಿಸುವ ಅರ್ಲಿ ಬ್ಲೈಟ್ ಮೂರನ್ನೂ ತಡೆದುಕೊಳ್ಳುತ್ತದೆ. ಗಿಡ ಎದ್ದು ನಿಂತಿದ್ದರೆ ತಾನೇ ಬೇಗ ತಡ ಅನ್ನುವ ಮಾತು? ಒಟ್ಟು ಬೆಳೆ 140 ದಿನದ್ದು. ಹಣ್ಣು ಗಟ್ಟಿ, ಕಡು ಕೆಂಪು, ಒಂದೊಂದು 80 ಗ್ರಾಂ ಸುಮಾರು ತೂಗುತ್ತದೆ. ಸಾರಿಗೆ ನಾಟಿ ಟೊಮೆಟೊದಷ್ಟು ಹುಳಿ ಇಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು.

ಬೀಜವನ್ನು ಪ್ರೋಟ್ರೇಯಲ್ಲಿ, ಅಂದರೆ ಸಣ್ಣ ಸಣ್ಣ ಗುಳಿಗಳಿರುವ ಸಸಿ ತಟ್ಟೆಯಲ್ಲಿ ಹಾಕಿ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಜೊತೆ ಸ್ವಲ್ಪ ಎರೆಹುಳು ಗೊಬ್ಬರ ಬೆರೆಸಿ, ಗುಳಿಗೆ ಒಂದೇ ಬೀಜ, ಅರ್ಧ ಸೆಂಟಿಮೀಟರ್ ಆಳ ಸಾಕು. ಹೈಬ್ರಿಡ್ ಬೀಜ ದುಬಾರಿ, ಕಿತ್ತು ಎಸೆಯುವ ಹಾಗೆ ಎರಡೆರಡು ಹಾಕಬೇಡಿ. ಒಂದು ವಾರದಲ್ಲಿ ಮೊಳಕೆ ಬರುತ್ತದೆ. ಬಂದ ಮರುದಿನದಿಂದಲೇ ಬಿಸಿಲಿಗಿಡಿ, ಇಲ್ಲದಿದ್ದರೆ ಸಸಿ ದಾರದ ಹಾಗೆ ಉದ್ದಕ್ಕೆ ಎದ್ದು ಬೀಳುತ್ತದೆ.

25 ದಿನಕ್ಕೆ ನಾಲ್ಕೈದು ಎಲೆ ಬಂದಿರುತ್ತದೆ, ಆಗ ನೆಟ್ಟುಬಿಡಬೇಕು. ಇಲ್ಲಿ ಸೋಮಾರಿತನ ಮಾಡಬೇಡಿ, ಯಾಕೆಂದರೆ ನಾನು ಮಾಡಿ ಕಲಿತಿದ್ದೇನೆ. ಒಂದು ವರ್ಷ ಊರಲ್ಲಿ ಮದುವೆ ಅಂತ ಹೋದವನು ಅಲ್ಲಿಯೇ ಉಳಿದುಬಿಟ್ಟೆ, ಪಕ್ಕದ ಮನೆ ಆಂಟಿ ಪಾಪ ದಿನಾ ನೀರೇನೋ ಹಾಕಿದ್ದರು, ಆದರೆ ನಾನು ಬರುವಷ್ಟರಲ್ಲಿ ಸಸಿಗೆ 45 ದಿನ ಆಗಿ ಕಾಂಡ ನೇರಳೆ ಬಣ್ಣಕ್ಕೆ ತಿರುಗಿತ್ತು. ಟ್ರೇಯಿಂದ ತೆಗೆದರೆ ಬೇರು ಸ್ಪ್ರಿಂಗ್ ತರಹ ಸುತ್ತಿಕೊಂಡಿತ್ತು. ಆದರೂ ನೆಟ್ಟೆ. ಮೊಣಕಾಲೆತ್ತರಕ್ಕೆ ಬರುವ ಮೊದಲೇ ಹೂವು ಬಿಟ್ಟವು, ಗಿಡಕ್ಕೆ ಆರೋ ಏಳೋ ಕಾಯಿ ಕೊಟ್ಟು ಸುಮ್ನೆ ನಿಂತವು. ನಿಧಾನಕ್ಕೆ ಬೆಳೆಯುವ ನಾಟಿ ಗಿಡ ಇಂಥದ್ದನ್ನು ಸ್ವಲ್ಪ ಕ್ಷಮಿಸುತ್ತದೆ. ಬೇಗ ಬರುವ ಹೈಬ್ರಿಡ್‌ಗೆ ಸಮಯ ಕಮ್ಮಿ, ಮೊದಲ ತಿಂಗಳು ಸೊರಗಿದರೆ ಆಮೇಲೆ ಎಷ್ಟು ತಿನ್ನಿಸಿದರೂ ಅದು ಮೈ ತುಂಬಿಕೊಳ್ಳುವುದಿಲ್ಲ.

ಗಿಡ ಬೆಳೆಸುವ ಚೀಲ, ಅಂದರೆ ಗ್ರೋ ಬ್ಯಾಗ್, 15 ಇಂಚಿನದು ಇರಲಿ, ಅಥವಾ 20 ಲೀಟರ್ ಪೇಂಟ್ ಡಬ್ಬಿ, ತಳಕ್ಕೆ ತೂತು ಮಾಡಿ. ಒಂದಕ್ಕೆ ಒಂದೇ ಗಿಡ. ಕೆಂಪು ಮಣ್ಣು, ಕೊಕೊಪೀಟ್, ಹಳೆಯ ಕೊಟ್ಟಿಗೆ ಗೊಬ್ಬರ ಸಮ ಸಮ, ಮೇಲೆ ಎರಡು ಹಿಡಿ ಬೇವಿನ ಹಿಂಡಿ. ನೆಡುವಾಗ ಕೆಳಗಿನ ಎರಡು ಎಲೆ ಕಿತ್ತು, ಕಾಂಡದ ಅರ್ಧದಷ್ಟು ಮಣ್ಣಿನೊಳಗೆ ಹೋಗುವ ಹಾಗೆ ಆಳಕ್ಕೆ ಇಳಿಸಿ. ಟೊಮೆಟೊ ಕಾಂಡ ಮುಟ್ಟಿ ನೋಡಿದರೆ ಸಣ್ಣ ಸಣ್ಣ ಗುಳ್ಳೆಯ ಹಾಗೆ ಕೈಗೆ ಸಿಗುತ್ತವಲ್ಲ, ಮಣ್ಣು ತಾಗಿದರೆ ಅಲ್ಲೆಲ್ಲ ಬೇರು ಬಿಡುತ್ತದೆ. ಕೋಲನ್ನು ಅದೇ ದಿನ ನೆಡಿ. ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ.

ಊಟದ ವಿಷಯ. ನೆಟ್ಟ ಹತ್ತು ದಿನಕ್ಕೆ ಶುರು ಮಾಡಿ. ಕಡಲೆಕಾಯಿ ಹಿಂಡಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ವಾರಕ್ಕೊಮ್ಮೆ ಹಾಕಬಹುದು. ವಾಸನೆ ಮಾತ್ರ ಕೇಳಬೇಡಿ, ಮನೆಯವರ ಬೈಗುಳಕ್ಕೆ ರೆಡಿ ಇರಿ. ರಾಸಾಯನಿಕ ಪರವಾಗಿಲ್ಲ ಅನ್ನುವವರು, ರೈತರು 19 ಆಲ್ ಅನ್ನುವ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ 19:19:19 ಗೊಬ್ಬರವನ್ನು ಲೀಟರ್ ನೀರಿಗೆ 2 ಗ್ರಾಂ ಹಾಕಿ ಕೊಡಲಿ. ಹೂವು ಕಾಣಿಸಿದ ಮೇಲೆ ಸಾರಜನಕ ಕಮ್ಮಿ ಮಾಡಿ ಪೊಟ್ಯಾಷ್ ಕಡೆ ತಿರುಗಿ. ಎಲೆ ದಟ್ಟವಾಗಿ ಕಪ್ಪು ಹಸಿರಾಗಿದೆ, ಹೂವೇ ಇಲ್ಲ ಅಂದರೆ ನೀವು ಹಿಂಡಿ ಜಾಸ್ತಿ ಹಾಕಿದ್ದೀರಿ ಅಂತ ಅರ್ಥ.

ಕವಲು ಚಿವುಟುವುದರಲ್ಲಿ ಅತಿ ಬುದ್ಧಿವಂತಿಕೆ ಬೇಡ. ವಿಡಿಯೋಗಳಲ್ಲಿ ಒಂದೇ ಕಾಂಡ ಬಿಟ್ಟು ಎಲ್ಲ ಕವಲು ಕೀಳುವುದನ್ನು ತೋರಿಸುತ್ತಾರೆ, ಅದು ಬಳ್ಳಿಯ ಹಾಗೆ ಮೇಲೇರುವ ತಳಿಗೆ ಸರಿ. ಇಂಥ ಅರ್ಧ ಪೊದೆಯ ಗಿಡಕ್ಕೆ ಮೊದಲ ಹೂಗೊಂಚಲಿನ ಕೆಳಗಿರುವ ಕವಲುಗಳನ್ನು ಮಾತ್ರ ತೆಗೆಯಿರಿ. ಬೆರಳಲ್ಲೇ ಚಿವುಟಬಹುದು. ಆಮೇಲೆ ಕೈ ತೊಳೆದರೆ ನೊರೆ ಹಸಿರು ಹಳದಿಯಾಗಿ ಇಳಿಯುತ್ತದೆ, ಗಾಬರಿ ಬೇಡ.

ಹೂವು ಬಿಟ್ಟು ಕಾಯಿ ಕಟ್ಟದಿದ್ದರೆ ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಹೂಗೊಂಚಲಿನ ತೊಟ್ಟಿಗೆ ಬೆರಳಲ್ಲಿ ಮೆಲ್ಲಗೆ ಟಪ್ ಅಂತ ಹೊಡೆಯಿರಿ. ಪರಾಗ ಅದೇ ಹೂವಿನೊಳಗೇ ಉದುರುತ್ತದೆ, ಅಷ್ಟು ಅಲುಗಾಟ ಸಾಕು. ಗಾಳಿ ಚೆನ್ನಾಗಿ ಆಡುವ ತಾರಸಿಯಲ್ಲಿ ಅದೂ ಬೇಕಿಲ್ಲ.

ಕಾಯಿಯ ತುದಿ, ಅಂದರೆ ತೊಟ್ಟಿಗೆ ಎದುರಿನ ಭಾಗ, ಕಪ್ಪಾಗಿ ಚರ್ಮದ ಹಾಗೆ ಒಳಗೆ ಇಳಿದಿದ್ದರೆ ಕ್ಯಾಲ್ಸಿಯಂ ಕಮ್ಮಿ, ಮೊಟ್ಟೆ ಸಿಪ್ಪೆ ಹಾಕಿ ಅಂತ ಎಲ್ಲರೂ ಅನ್ನುತ್ತಾರೆ. ಸಿಪ್ಪೆ ಮಣ್ಣಲ್ಲಿ ಕರಗುವಷ್ಟರಲ್ಲಿ ನಿಮ್ಮ ಬೆಳೆಯೇ ಮುಗಿದಿರುತ್ತದೆ. ಬೋರ್‌ವೆಲ್ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟು ಇರುತ್ತದೆ, ಗಿಡದ ಕಾಯಿಗೆ ಅದು ತಲುಪುತ್ತಿಲ್ಲ ಅಷ್ಟೇ. ಯಾಕೆಂದರೆ ಎರಡು ದಿನ ಒಣಗಿಸಿ ಮೂರನೇ ದಿನ ಬಕೆಟ್ ಸುರಿಯುತ್ತೀರಿ. ದಿನಾ ಒಂದೇ ಹೊತ್ತಿಗೆ, ಒಂದೇ ಅಳತೆ ನೀರು ಕೊಡಿ, ಮಣ್ಣಿನ ಮೇಲೆ ಒಣ ಎಲೆ ಮುಚ್ಚಿ. ಹೊಸ ಕಾಯಿ ಸರಿಯಾಗುತ್ತದೆ.

ಬಿಳಿ ನೊಣಕ್ಕೆ ಹಳದಿ ಅಂಟು ಹಾಳೆ ತೂಗುಹಾಕಿ, ವಾರಕ್ಕೊಮ್ಮೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪು ದ್ರಾವಣದಲ್ಲಿ ಕಲಸಿ ಸಂಜೆ ಎಲೆಯ ಅಡಿಗೆ ಹೊಡೆಯಿರಿ. ಕಾಯಿಗೆ ತೂತು ಕಂಡರೆ ಕಿತ್ತು ಒಡೆದು ನೋಡಿ, ಹುಳ ಒಳಗೇ ಕೂತಿರುತ್ತದೆ.

ಕಾಯಿಯ ತುದಿ ನಸು ಗುಲಾಬಿಗೆ ತಿರುಗಿದ ಕೂಡಲೇ ಕಿತ್ತುಬಿಡಿ, ಅಡುಗೆಮನೆಯ ಬುಟ್ಟಿಯಲ್ಲಿ ನಾಲ್ಕು ದಿನದಲ್ಲಿ ಹಣ್ಣಾಗುತ್ತದೆ. ಗಿಡದಲ್ಲೇ ಪೂರ್ತಿ ಕೆಂಪಾಗಲಿ ಅಂತ ಕಾದರೆ ನಮ್ಮಲ್ಲಿ ಅಳಿಲು ನಮಗಿಂತ ಒಂದು ದಿನ ಮೊದಲೇ ಎದ್ದಿರುತ್ತದೆ.

ಚೆನ್ನಾಗಿ ಬಂದ ಹಣ್ಣಿನ ಬೀಜ ತೆಗೆದಿಡುವ ಆಸೆ ಬೇಡ. ಎಫ್1 ಬೀಜದ ಮುಂದಿನ ಪೀಳಿಗೆ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಹೊಸ ಪ್ಯಾಕೆಟ್ಟೇ ತರಬೇಕು. ಗಿಡ ಕಿತ್ತ ಮೇಲೆ ಅದೇ ಚೀಲಕ್ಕೆ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ಹಾಕಬೇಡಿ, ಎಲ್ಲವೂ ಒಂದೇ ಕುಟುಂಬ, ರೋಗವೂ ಅವೇ. ಒಂದು ಹಿಡಿ ಗೊಬ್ಬರ ಬೆರೆಸಿ ಮೆಂತ್ಯ ಚೆಲ್ಲಿ, ಮೂರು ವಾರಕ್ಕೆ ಸೊಪ್ಪು ಕೊಯ್ಯಬಹುದು.