ಮರೆತರೂ ನಡೆಯುವ ಮನೆ: ಎಡಿಎಚ್‌ಡಿ ಇರುವ ಹೆಂಗಸರಿಗೆ ಒಂದಿಷ್ಟು ಉಪಾಯ

ಕಳೆದ ವರ್ಷ ಒಂದು ಬೆಳಿಗ್ಗೆ ಕಸದ ಗಾಡಿಯ ಹಾಡು ಕೇಳಿಸಿತು ಅಂತ ಹಸಿ ಕಸದ ಬಕೆಟ್ ಹಿಡಿದು ನೈಟಿಯಲ್ಲೇ ಕೆಳಗೆ ಓಡಿದೆ. ಹಿಂದೆ ಬಾಗಿಲು ತಾನಾಗಿ ಲಾಕ್ ಆಯಿತು. ಬೀಗದ ಕೈ ಒಳಗೆ. ಫೋನ್ ಒಳಗೆ. ಒಲೆ ಮೇಲೆ ಹಾಲು. ನಮ್ಮ ಸೆಕ್ಯೂರಿಟಿ ಅಣ್ಣ ಬೀಗ ತೆಗೆಯುವವರನ್ನು ಹುಡುಕಿ ಕರೆತರುವಷ್ಟರಲ್ಲಿ ಹಾಲೂ ಇಲ್ಲ, ಪಾತ್ರೆಯೂ ಇಲ್ಲ, ಇಡೀ ಮಹಡಿಗೆಲ್ಲ ಸೀದ ವಾಸನೆ.

ಅದು ಮೂರನೇ ಸಲ. ಮೊದಲೆರಡು ಸಲ ನಾನು ಮಾಡಿದ್ದು ಒಂದೇ ಕೆಲಸ, ನನಗೆ ನಾನೇ ಬೈದುಕೊಂಡದ್ದು. ಇನ್ನು ಮೇಲೆ ಹುಷಾರಾಗಿರ್ತೀನಿ ಅಂತ ದೇವರ ಮನೆ ಮುಂದೆ ನಿಂತು ಹೇಳಿಕೊಂಡಿದ್ದೂ ಉಂಟು. ಮೂರನೇ ಸಲ ಮಾತ್ರ ಇನ್ನೊಂದು ಬೀಗದ ಕೈ ಮಾಡಿಸಿ ಎದುರು ಮನೆ ಆಂಟಿ ಹತ್ತಿರ ಇಟ್ಟೆ. ಆಮೇಲೂ ಎರಡು ಸಲ ಹಾಗೇ ಆಚೆ ನಿಂತಿದ್ದೇನೆ. ಆದರೆ ಈಗ ಅದು ಎರಡು ನಿಮಿಷದ ಮಾತು. ಆಂಟಿ ನಗುತ್ತಾರೆ, ಬೀಗದ ಕೈ ಕೊಡುತ್ತಾರೆ, ಮುಗೀತು.

ಕೆಳಗೆ ಬರೆದಿರುವುದೆಲ್ಲ ಆ ಬೀಗದ ಕೈಯ ಲೆಕ್ಕದ್ದೇ. ಮರೆಯದೇ ಇರುವುದನ್ನು ಕಲಿಯಲು ನಾನು ಇಪ್ಪತ್ತು ವರ್ಷ ಒದ್ದಾಡಿದೆ, ಆಗಲಿಲ್ಲ. ಮರೆತರೂ ಜಾಸ್ತಿ ನಷ್ಟ ಆಗದ ಹಾಗೆ ಮನೆಯನ್ನು ಜೋಡಿಸಿಕೊಳ್ಳುವುದು ಒಂದೇ ವರ್ಷದಲ್ಲಿ ಬಂತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗಿರುವ ಈ ಎಡಿಎಚ್‌ಡಿ ಚಿಕ್ಕಂದಿನಿಂದಲೇ ಇರುವ, ಗಮನಕ್ಕೂ ಚಡಪಡಿಕೆಗೂ ಸಂಬಂಧಿಸಿದ ಮೆದುಳಿನ ತೊಂದರೆ. ಹಾಗಂತ ಗಮನವೇ ಇಲ್ಲ ಅಂತಲ್ಲ. ಗಮನ ಇರುತ್ತದೆ, ನಾವು ಕರೆದ ಕಡೆ ಬರುವುದಿಲ್ಲ ಅಷ್ಟೇ. ರಾತ್ರಿ ಎರಡು ಗಂಟೆವರೆಗೆ ಬ್ಲೌಸ್ ಡಿಸೈನ್ ನೋಡುತ್ತಾ ಕೂರುವವಳೂ ನಾನೇ, ಟೈಲರ್‌ಗೆ ಕೊಟ್ಟ ಬ್ಲೌಸನ್ನು ವರಮಹಾಲಕ್ಷ್ಮಿ ಹಬ್ಬ ಕಳೆದು ದೀಪಾವಳಿ ಬಂದರೂ ತರದವಳೂ ನಾನೇ. ನಮ್ಮಮ್ಮ ಇದಕ್ಕೆ ಇಟ್ಟಿದ್ದ ಹೆಸರು ಸೋಮಾರಿತನ. ಸೋಮಾರಿಗಳು ಆರಾಮಾಗಿರುತ್ತಾರೆ ಕಣ್ರೀ, ನಮ್ಮ ಹಾಗೆ ಸೋಫಾ ಮೇಲೆ ಕೂತು ಏಳಬೇಕು ಏಳಬೇಕು ಅಂತ ಮೂರು ಗಂಟೆ ಬೆವರುವುದಿಲ್ಲ.

ಅಡುಗೆಮನೆಯಿಂದ ಶುರು ಮಾಡಿ

ಯಾಕೆಂದರೆ ಬೆಂಕಿ ಇರುವುದು ಅಲ್ಲಿ. ಕುಕ್ಕರ್ ವಿಸಲ್ ಎಣಿಸುವ ಕೆಲಸವನ್ನು ಇವತ್ತೇ ಬಿಟ್ಟುಬಿಡಿ. ಎರಡಾಯಿತಾ ಮೂರಾಯಿತಾ ಅಂತ ನಮಗೆ ಯಾವತ್ತೂ ಗೊತ್ತಾಗುವುದಿಲ್ಲ, ಒಂದೋ ಬೇಳೆ ಬೆಂದಿರುವುದಿಲ್ಲ, ಇಲ್ಲಾ ತಳ ಹಿಡಿದಿರುತ್ತದೆ. ಟೈಮರ್ ಇರುವ ಇಂಡಕ್ಷನ್ ಸ್ಟವ್ ತೆಗೆದುಕೊಳ್ಳಿ, ಅದು ತಾನೇ ಆಫ್ ಆಗುತ್ತದೆ. ಕುಕ್ಕರ್‌ನ ತಳ ಇಂಡಕ್ಷನ್‌ಗೆ ಆಗುತ್ತದಾ ಅಂತ ನೋಡಿಕೊಳ್ಳಿ, ನಾನು ನೋಡದೆ ತಂದು ವಾಪಸ್ ಕೊಟ್ಟು ಬಂದಿದ್ದೆ. ಅನ್ನಕ್ಕೆ ಎಲೆಕ್ಟ್ರಿಕ್ ರೈಸ್ ಕುಕ್ಕರ್. ಹಾಲಿಗೆ ಹಳೇ ಕಾಲದ ಹಾಲಿನ ಕುಕ್ಕರ್ ಇದೆಯಲ್ಲ, ಸುತ್ತ ನೀರು ಹಾಕಿ ಇಟ್ಟರೆ ಸಿಳ್ಳೆ ಹೊಡೆಯುತ್ತದೆ, ಹಾಲು ಉಕ್ಕುವುದಿಲ್ಲ, ಅದು. ನಮ್ಮಜ್ಜಿ ಮನೆಯಲ್ಲಿತ್ತು. ಅಜ್ಜಿಗೂ ಇದೇ ಇತ್ತೇನೋ ಅಂತ ಈಗ ಅನುಮಾನ.

ಆಮೇಲೆ ಸ್ಟೀಲ್ ಡಬ್ಬಿಗಳು. ಸಾಲಾಗಿ ಹೊಳೆಯುತ್ತಾ ಕೂತಿರುತ್ತವೆ, ನೋಡಲು ಚೆಂದ, ಒಳಗೆ ಏನಿದೆ ಅಂತ ಮಾತ್ರ ಆ ಭಗವಂತನಿಗೇ ಗೊತ್ತು. ನಮ್ಮಂಥವರಿಗೆ ಕಣ್ಣಿಗೆ ಬೀಳದ ವಸ್ತು ಇಲ್ಲದ ಹಾಗೇ. ಹೀಗಾಗಿ ನಮ್ಮ ಮನೆಯಲ್ಲಿ ಒಂದು ಕಾಲದಲ್ಲಿ ನಾಲ್ಕು ಕೆಜಿ ತೊಗರಿಬೇಳೆ ಇತ್ತು, ಉಪ್ಪು ಇರಲಿಲ್ಲ. ಗಾಜಿನ ಬಾಟಲಿಗೋ ಒಳಗೆ ಕಾಣುವ ಪ್ಲಾಸ್ಟಿಕ್ ಡಬ್ಬಕ್ಕೋ ಎಲ್ಲ ಹಾಕಿ. ಫ್ರಿಜ್‌ನ ತರಕಾರಿ ಡ್ರಾಯರ್‌ನಲ್ಲಿ ತರಕಾರಿ ಇಡಬೇಡಿ, ಅದು ಕೊತ್ತಂಬರಿ ಸೊಪ್ಪಿನ ಸ್ಮಶಾನ. ಕೊಳೆಯುವುದನ್ನು ಕಣ್ಣಿನ ಮಟ್ಟದ ತಟ್ಟೆಯಲ್ಲಿಡಿ, ಜಾಮ್ ಉಪ್ಪಿನಕಾಯಿ ಡ್ರಾಯರ್‌ಗೆ ಹೋಗಲಿ.

ಹೆಚ್ಚಿದ ತರಕಾರಿ, ಪ್ಯಾಕೆಟ್ ದೋಸೆ ಹಿಟ್ಟು, ರೆಡಿ ಸಾರಿನ ಪುಡಿ ತರಲು ನಾಚಿಕೆ ಪಡಬೇಡಿ. ಅವರೆಕಾಯಿ ಕಾಲದಲ್ಲಿ ಗಾಂಧಿ ಬಜಾರ್‌ನಲ್ಲಿ ಹಿದುಕಿದ ಬೇಳೆಯನ್ನೇ ಮಾರುತ್ತಾರೆ. ಎರಡು ಕೆಜಿ ಕಾಯಿ ತಂದು, ಬಿಡಿಸಿ, ನೆನೆಹಾಕಿ, ಹಿದುಕುವ ಮೊದಲೇ ಆಸಕ್ತಿ ಕಳೆದುಕೊಂಡು ಮೊಳಕೆ ಬರಿಸುವುದಕ್ಕಿಂತ ಅದೇ ಅಗ್ಗ. ನಾನು ಲೆಕ್ಕ ಹಾಕಿದ್ದೇನೆ.

ನೀರು. ಮೊದಲು ವಿಜಯನಗರದಲ್ಲಿ ಬಾಡಿಗೆಗಿದ್ದಾಗ ಮೋಟಾರ್ ಹಾಕಿ ಮರೆಯುತ್ತಿದ್ದೆ. ಮೇಲಿನ ಟ್ಯಾಂಕ್ ತುಂಬಿ ರಸ್ತೆಗೆಲ್ಲ ನೀರು, ಅಕ್ಕಪಕ್ಕದವರು “ರೀ, ನೀರು ಹೋಗ್ತಾ ಇದೆ” ಅಂತ ಕೂಗುವುದು, ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ಹೀಗಾದರೆ ಮುಖ ಎತ್ತಿ ಓಡಾಡುವುದು ಕಷ್ಟ. ಟ್ಯಾಂಕ್ ತುಂಬಿದಾಗ ಮೋಟಾರ್ ತಾನೇ ನಿಲ್ಲುವ ಆಟೊಮ್ಯಾಟಿಕ್ ಸ್ವಿಚ್ ಹಾಕಿಸಿ. ಓನರ್ ಒಪ್ಪದಿದ್ದರೆ ನೀವೇ ದುಡ್ಡು ಕೊಟ್ಟು ಹಾಕಿಸಿ.

ಮನೆಯಿಂದ ಹೊರಡುವುದು

ನಮಗೆ ಸಮಯ ಎರಡೇ ಥರ ಕಾಣುತ್ತದೆ: ಈಗ, ಆಮೇಲೆ. ಹತ್ತೂವರೆಗೆ ಮೀಟಿಂಗ್ ಅಂದರೆ ಅದು ‘ಆಮೇಲೆ’ಯಲ್ಲಿರುತ್ತದೆ, ಇದ್ದಕ್ಕಿದ್ದಂತೆ ‘ಈಗ’ ಆಗಿಬಿಡುತ್ತದೆ. ಅದರ ಮೇಲೆ ಬೆಂಗಳೂರಿನ ಟ್ರಾಫಿಕ್. ಸಿಲ್ಕ್ ಬೋರ್ಡ್ ದಾಟಲು ಇವತ್ತು ಎಷ್ಟು ಹೊತ್ತು ಅಂತ ಸಮಯಪ್ರಜ್ಞೆ ಇರುವವರಿಗೇ ಗೊತ್ತಾಗಲ್ಲ, ಇನ್ನು ನಮ್ಮ ಕಥೆ ಕೇಳಬೇಕಾ.

ಮ್ಯಾಪ್ 40 ನಿಮಿಷ ಅಂತ ತೋರಿಸಿದರೆ ಅದು ಗಾಡಿ ಹತ್ತಿದ ಮೇಲಿನ ಲೆಕ್ಕ. ಚಪ್ಪಲಿ ಹುಡುಕುವುದು, ಲಿಫ್ಟ್‌ಗೆ ಕಾಯುವುದು, ಆಟೋ ಎರಡು ಸಲ ಕ್ಯಾನ್ಸಲ್ ಆಗುವುದು, ಇಳಿದ ಮೇಲೆ ಗೇಟ್‌ನಲ್ಲಿ ಹೆಸರು ಬರೆಯುವುದು, ಇದ್ಯಾವುದೂ ಅದರಲ್ಲಿಲ್ಲ. ಒಂದು ವಾರ ಚಪ್ಪಲಿ ಹಾಕಿದ ನಿಮಿಷದಿಂದ ಕುರ್ಚಿಯಲ್ಲಿ ಕೂತ ನಿಮಿಷದವರೆಗೆ ಎಷ್ಟಾಯಿತು ಅಂತ ಬರೆದಿಡಿ. ನನಗೆ 40 ಅಲ್ಲ, 65 ಬಂತು. ಅಂದರೆ ಇಷ್ಟು ವರ್ಷ ದಿನಾ 25 ನಿಮಿಷ ತಡವಾಗಿದ್ದು ಸುಮ್ಮನೆ ಅಲ್ಲ.

ಅಲಾರಂಗೆ ಮಾಡಬೇಕಾದ ಕೆಲಸದ ಹೆಸರಿಡಿ. ‘ಆಫೀಸ್’ ಅಂತ ಇಟ್ಟರೆ ಕೈ ತಾನಾಗಿ ಆಫ್ ಮಾಡುತ್ತದೆ. ‘ಚಪ್ಪಲಿ ಹಾಕು’ ಅಂತ ಇಟ್ಟರೆ ಕಾಲು ಎದ್ದೇಳುತ್ತದೆ. ಎರಡು ವಾರಕ್ಕೊಮ್ಮೆ ಟ್ಯೂನ್ ಬದಲಿಸಿ, ಇಲ್ಲದಿದ್ದರೆ ಅದು ಪಕ್ಕದ ಮನೆ ಮಿಕ್ಸಿ ಸದ್ದಿನ ಹಾಗೆ ಕಿವಿಗೆ ಬೀಳುವುದೇ ಇಲ್ಲ. ಗೋಡೆಗೆ ಮುಳ್ಳಿರುವ ಗಡಿಯಾರ ಹಾಕಿ, ಬಚ್ಚಲಲ್ಲೂ ಒಂದಿರಲಿ.

ಮೆಟ್ರೋದಲ್ಲಿ ಯೋಚನೆ ಮಾಡುತ್ತಾ ಮೆಜೆಸ್ಟಿಕ್‌ನಲ್ಲಿ ಲೈನ್ ಬದಲಿಸುವುದನ್ನು ಮರೆತು ಮುಂದೆ ಹೋಗುವವರು ಇಳಿಯುವವರೆಗೆ ನಿಂತೇ ಹೋಗಿ. ಕೂತರೆ ಕೆಟ್ಟಿರಿ.

ಬಿಲ್ಲು, ದುಡ್ಡು, ಕಾಗದ

ಬೆಸ್ಕಾಂ, ಇಂಟರ್‌ನೆಟ್, ಇನ್ಶೂರೆನ್ಸ್, ಎಲ್ಲವೂ ಆಟೊಪೇ. ಸಂಬಳ ಬಂದ ಮಾರನೇ ದಿನ ಹೋಗುವ ಹಾಗೆ. ಸ್ವಂತ ಮನೆ ಇದ್ದವರು ಏಪ್ರಿಲ್ ಮುಗಿಯುವುದರೊಳಗೆ ಆಸ್ತಿ ತೆರಿಗೆ ಕಟ್ಟಿದರೆ 5% ರಿಯಾಯಿತಿ, ಅದಕ್ಕೆ ಯುಗಾದಿ ಹೊಸತೊಡಕಿನ ಮಾರನೇ ದಿನ ಅಂತ ಗಂಟು ಹಾಕಿಕೊಳ್ಳಿ, ಯುಗಾದಿ ಮಾರ್ಚ್‌ನಲ್ಲೇ ಬಂದ ವರ್ಷ ಮಾತ್ರ ಏಪ್ರಿಲ್ ಶುರುವಾಗುವವರೆಗೆ ಕಾಯಿರಿ. ತಾರೀಕು ಮರೆಯುತ್ತೇವೆ, ಹಬ್ಬ ಮರೆಯಲ್ಲ.

ಹತ್ತು ನಿಮಿಷದಲ್ಲಿ ಸಾಮಾನು ತರುವ ಆ್ಯಪ್‌ಗಳನ್ನು ನಮ್ಮಂಥವರನ್ನು ನೋಡಿಯೇ ಮಾಡಿದ್ದಾರೆ ಅಂತ ನನ್ನ ಗಟ್ಟಿ ನಂಬಿಕೆ. ಪೂರ್ತಿ ತೆಗೆದುಹಾಕಿ ಅನ್ನಲ್ಲ, ಉಪ್ಪು ಮುಗಿದಿರುತ್ತದಲ್ಲ. ಕಾರ್ಡ್ ನಂಬರ್ ಮಾತ್ರ ಅದರಲ್ಲಿ ಉಳಿಸಬೇಡಿ. ಎದ್ದು ಹೋಗಿ ಪರ್ಸ್ ಹುಡುಕಬೇಕು ಅಂದಾಗ ಅರ್ಧ ಆಸೆ ಇಳಿದುಹೋಗುತ್ತದೆ.

ಆಧಾರ್, ಪ್ಯಾನ್, ಬಾಡಿಗೆ ಕರಾರು, ಮಾರ್ಕ್ಸ್ ಕಾರ್ಡ್ ಎಲ್ಲ ಒಂದೇ ಚೀಲದಲ್ಲಿ. ಬಣ್ಣ ಬಣ್ಣದ ಫೈಲ್, ಲೇಬಲ್, ಅದೆಲ್ಲ ಬೇಡ. ಒಂದು ದಿನ ಉತ್ಸಾಹದಲ್ಲಿ ಮಾಡಿ ಆಮೇಲೆ ಯಾವ ಫೈಲ್ ಅಂತ ಮರೆಯುತ್ತೀರಿ. ಒಂದು ಚೀಲ, ಬೀರುವಿನ ಒಂದು ಮೂಲೆ. ಗೋಡೆ ಕ್ಯಾಲೆಂಡರ್ ಕೂಡ ಬೇಕು. ನಮ್ಮಮ್ಮ ಅದರ ಮೇಲೆ ಹಾಲಿನ ಲೆಕ್ಕ, ಚೀಟಿ ದುಡ್ಡು, ಗ್ಯಾಸ್ ಹಚ್ಚಿದ ದಿನ ಬರೆಯುತ್ತಿದ್ದರು. ಫೋನ್‌ನಲ್ಲಿರುವ ಎಂಟು ಪ್ಲಾನರ್ ಆ್ಯಪ್ ಮಾಡದ ಕೆಲಸ ಆ ಕ್ಯಾಲೆಂಡರ್ ಮಾಡುತ್ತದೆ, ಯಾಕೆಂದರೆ ಅದನ್ನು ತೆರೆಯಬೇಕಾಗಿಲ್ಲ.

ಒಬ್ಬರು ಜೊತೆಗಿರಲಿ

ಬಟ್ಟೆ ಮಡಿಸಲು ಒಬ್ಬಳೇ ಕೂತರೆ ಕುರ್ಚಿ ಮೇಲಿನ ಗುಡ್ಡ ಹಾಗೇ ಇರುತ್ತದೆ. ಯಾರಾದರೂ ಪಕ್ಕದಲ್ಲಿ ಸುಮ್ನೆ ಕೂತಿದ್ದರೂ ಸಾಕು, ಕೈ ಓಡುತ್ತದೆ. ಹಿಂದೆ ಹಪ್ಪಳ ಸಂಡಿಗೆಗೆ ಓಣಿಯ ಹೆಂಗಸರೆಲ್ಲ ಒಟ್ಟಿಗೆ ಕೂರುತ್ತಿದ್ದದ್ದು ನೆನಪಿದೆಯಾ? ಅದೇ. ಈಗ ಮೈಸೂರಿನ ಗೆಳತಿಯೂ ನಾನೂ ಭಾನುವಾರ ವಿಡಿಯೋ ಕಾಲ್ ಹಾಕಿ ಫೋನನ್ನು ಒರಗಿಸಿಟ್ಟು ನಮ್ಮ ನಮ್ಮ ಕೆಲಸ ಮಾಡುತ್ತೇವೆ. ಮಾತು ಕಮ್ಮಿ. ಮನೆ ಕೆಲಸಕ್ಕೆ ಅಕ್ಕ ಬರುವವರಾದರೆ ಅವರು ಇರುವ ಆ ಒಂದು ಗಂಟೆಯಲ್ಲೇ ನಿಮ್ಮ ಬೇಜಾರಿನ ಕೆಲಸ ಇಟ್ಟುಕೊಳ್ಳಿ.

ಮನೆಯವರಿಗೆ ಹೇಳುವಾಗ ‘ನನಗೆ ಎಡಿಎಚ್‌ಡಿ’ ಅಂತ ದೊಡ್ಡ ಭಾಷಣ ಮಾಡಿ ನಾನು ಸೋತೆ. ಅತ್ತೆ “ಎಲ್ಲರಿಗೂ ಮರೆವು ಇರತ್ತಮ್ಮ” ಅಂದರು. ಕೆಲಸ ಮಾಡಿದ್ದು ಇಷ್ಟೇ: “ಅತ್ತೆ, ಬಾಯಲ್ಲಿ ಹೇಳಿದರೆ ನನಗೆ ನಿಲ್ಲಲ್ಲ, ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿಬಿಡಿ.” ಈಗ ದಿನಕ್ಕೆ ಹನ್ನೊಂದು ಬರುತ್ತವೆ, ಆ ಮಾತು ಬೇರೆ.

ಮುಟ್ಟಿಗೆ ಮುಂಚಿನ ವಾರ ಎಲ್ಲವೂ ಕೈತಪ್ಪಿ ಹೋದ ಹಾಗೆ ಅನಿಸಿದರೆ ಅದು ನಿಮ್ಮ ಭ್ರಮೆಯಲ್ಲ. ಆಗ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಇಳಿಯುತ್ತದೆ, ಅದಕ್ಕೂ ಗಮನಕ್ಕೆ ಬೇಕಾದ ಡೋಪಮಿನ್ ಅನ್ನುವ ಮೆದುಳಿನ ರಾಸಾಯನಿಕಕ್ಕೂ ನಂಟಿದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲೂ ತುಂಬಾ ಜನ ಇದನ್ನೇ ಹೇಳುತ್ತಾರೆ. ಕ್ಯಾಲೆಂಡರ್‌ನಲ್ಲಿ ಆ ವಾರಕ್ಕೆ ಗೆರೆ ಎಳೆದು, ನೆಂಟರನ್ನು ಆ ವಾರ ಊಟಕ್ಕೆ ಕರೆಯಬೇಡಿ.

ಡಾಕ್ಟರ್ ಹತ್ತಿರ ಹೋಗುವುದಾದರೆ

ಇನ್‌ಸ್ಟಾಗ್ರಾಂ ರೀಲ್ಸ್ ನೋಡಿ ನನಗೂ ಇದೆ ಅಂತ ನಿರ್ಧಾರ ಮಾಡಬೇಡಿ, ಅನುಮಾನ ಪಡಿ, ಅಷ್ಟು ಸಾಕು. ಥೈರಾಯ್ಡ್, ರಕ್ತ ಕಮ್ಮಿ ಇರುವುದು, ನಿದ್ದೆ ಸಾಲದಿರುವುದು, ಖಿನ್ನತೆ, ಇವೂ ಹೀಗೇ ಕಾಣುತ್ತವೆ. ಹೋಗಬೇಕಾದದ್ದು ಸೈಕಿಯಾಟ್ರಿಸ್ಟ್, ಅಂದರೆ ಮನೋವೈದ್ಯರ ಹತ್ತಿರ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗುವುದಾದರೆ ಇಡೀ ದಿನ ರಜೆ ಹಾಕಿ, ಬೆಳಿಗ್ಗೆ ಬೇಗ ಹೊರಡಿ, ತಿಂಡಿ ಕಟ್ಟಿಕೊಳ್ಳಿ. ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಡಾಕ್ಟರ್ ಬಾಲ್ಯದ ಬಗ್ಗೆ ಕೇಳುತ್ತಾರೆ. 12 ವರ್ಷಕ್ಕೆ ಮುಂಚೆ ಲಕ್ಷಣಗಳಿದ್ದವಾ ಅಂತ ನೋಡುವುದು, ಮನೋವೈದ್ಯರು ಬಳಸುವ ಡಿಎಸ್‌ಎಂ ಅನ್ನುವ ಅಮೆರಿಕದ ಕೈಪಿಡಿಯಲ್ಲಿ ಈಗಿನ ನಿಯಮ. 2013ಕ್ಕೆ ಮುಂಚೆ ಅದು 7 ವರ್ಷ ಇತ್ತು, ಕ್ಲಾಸಿನಲ್ಲಿ ಗಲಾಟೆ ಮಾಡದೆ ಕಿಟಕಿ ನೋಡುತ್ತಾ ಕೂತ ಹುಡುಗಿಯರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹಳೇ ಪ್ರೋಗ್ರೆಸ್ ಕಾರ್ಡ್ ಇದ್ದರೆ ತೆಗೆದುಕೊಂಡು ಹೋಗಿ. ನನ್ನ ನಾಲ್ಕನೇ ಕ್ಲಾಸಿನ ಕಾರ್ಡ್‌ನಲ್ಲಿ ಮಿಸ್ ಬರೆದಿದ್ದರು: “ಬುದ್ಧಿವಂತೆ, ಆದರೆ ಗಮನ ಎಲ್ಲೋ.” ಡಾಕ್ಟರ್ ಅದನ್ನು ಎರಡು ಸಲ ಓದಿದರು.

ಮಾತ್ರೆಯ ವಿಷಯ ಅವರೇ ನಿರ್ಧರಿಸಲಿ. ನಮ್ಮಲ್ಲಿ ಸಾಮಾನ್ಯವಾಗಿ ಕೊಡುವುದು ಮಿಥೈಲ್‌ಫೆನಿಡೇಟ್, ಇಲ್ಲಾ ಅಟೊಮಾಕ್ಸೆಟಿನ್. ಮೊದಲನೆಯದು ತೆಗೆದುಕೊಂಡ ದಿನವೇ ಗೊತ್ತಾಗುತ್ತದೆ, ಎರಡನೆಯದಕ್ಕೆ ಕೆಲವು ವಾರ ಬೇಕು. ಬಿಪಿ ನೋಡುತ್ತಾರೆ. ಬಸುರಿಯಾಗುವ ಯೋಚನೆ ಇದ್ದರೆ ಮೊದಲೇ ಹೇಳಿ. ಹಸಿವು ಕಮ್ಮಿಯಾಗಬಹುದು, ಅದಕ್ಕೇ ನಾನು ತಿಂಡಿ ತಿಂದೇ ಮಾತ್ರೆ ನುಂಗುತ್ತೇನೆ. ಫಿಲ್ಟರ್ ಕಾಫಿ ಮೂರು ಲೋಟದಿಂದ ಒಂದಕ್ಕೆ ಇಳಿದಿದೆ, ಇಲ್ಲದಿದ್ದರೆ ಎದೆ ಡವಡವ ಅನ್ನುತ್ತದೆ. ಅದೊಂದು ದುಃಖ ಇದ್ದೇ ಇದೆ.

ಮಿಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಅನ್ನುವ, ಮಾರಾಟಕ್ಕೆ ಕಟ್ಟುನಿಟ್ಟಿನ ನಿಯಮ ಇರುವ ಪಟ್ಟಿಯ ಔಷಧಿ. ಎಲ್ಲ ಮೆಡಿಕಲ್ ಶಾಪ್‌ನಲ್ಲೂ ಸಿಗುವುದಿಲ್ಲ. ಡಾಕ್ಟರ್ ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ, ಅವರು ಅದನ್ನು 2 ವರ್ಷ ಜೋಪಾನ ಮಾಡಬೇಕಂತೆ. ಅಂದರೆ ಮರೆವಿನವರ ಮಾತ್ರೆ ತರಲು ಅಪಾಯಿಂಟ್‌ಮೆಂಟ್ ನೆನಪಿಡಬೇಕು, ಹೊಸ ಚೀಟಿ ಬರೆಸಬೇಕು, ಎರಡು ಪ್ರತಿಯನ್ನೂ ಕಳೆಯಬಾರದು, ಯಾವ ಅಂಗಡಿ ಅಂತ ನೆನಪಿರಬೇಕು. ಯಾರು ಮಾಡಿದರೋ ಈ ನಿಯಮ! ಸ್ಟ್ರಿಪ್‌ನಲ್ಲಿ ಹತ್ತು ಮಾತ್ರೆ ಉಳಿದ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿಡಿ. ಗೆರೆ ಮುಟ್ಟಿದ ದಿನ ಡಾಕ್ಟರ್‌ಗೆ ಫೋನ್. ಅಂಗಡಿಗೆ ಹೊರಡುವ ಮುಂಚೆ ಅವರಿಗೂ ಒಂದು ಫೋನ್ ಮಾಡಿ, ಸ್ಟಾಕ್ ಇದೆಯಾ ಕೇಳಿ. ಬೀಗದ ಕೈ ತೆಗೆದುಕೊಂಡ್ರಾ?